ಕಡಸಲಿನ ಮರಬಟ್ಟಲು

ಕನ್ನಡದಲ್ಲಿ ‘ಕಡೆ’ ಎಂಬ ಧಾತುವಿಗೆ ಎರಡು ಅರ್ಥಗಳು ಬಹುಕಾಲದಿಂದ ರೂಢವಾಗಿವೆ. ಮೊಸರನ್ನು ಕಡೆದು ಬೆಣ್ಣೆಯನ್ನು ತೆಗೆಯುವುದು ಒಂದು. ಮರವನ್ನಾಗಲಿ ಕಲ್ಲನ್ನಾಗಲಿ ತಿರುಗಿಸುತ್ತ ಉಳಿಯನ್ನು ತಾಕಿಸಿ ಗುಂಡಾಗಿ ರೂಪಿಸುವುದು ಮತ್ತೊಂದು. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲವೆಂದು ತೋರಬಹುದು. ಆದರೆ ಕೆಲಸದ ಬಗೆಯನ್ನು ನೋಡಿದರೆ ಎರಡೂ ಒಂದೇ. ಕಡೆಗೋಲಿಗೆ ಹಗ್ಗವನ್ನು ಸುತ್ತಿ ಅದರ ಎರಡು ತುದಿಗಳನ್ನು ಒಂದಾದ ಮೇಲೊಂದರಂತೆ ಎಳೆದರೆ ಕೋಲು ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗುವುದು. ಅದೇ ಕೋಲನ್ನು ಅಡ್ಡಲಾಗಿ ಮಲಗಿಸಿ, ಎರಡು ಮೊನೆಗಳ ನಡುವೆ ಬಿಗಿದು, ಹಗ್ಗವನ್ನು ಹಾಗೆಯೇ ಎಳೆದು, ತಿರುಗುವ ಮರಕ್ಕೆ ಉಕ್ಕಿನ ಅಲಗನ್ನು ಒಡ್ಡಿದರೆ ಅದೇ ಕಡಸಲು. ಅಡಿಗೆಯ ಮನೆಯಲ್ಲಿ ತಾಯಿಯ ಕೈ ಮಾಡುತ್ತಿದ್ದ ಕೆಲಸವನ್ನೇ ಬಡಗಿಯ ಕೈಯೂ ಮಾಡಿತೆಂಬುದನ್ನು ಭಾಷೆಯು ಮರೆಯದೆ ಉಳಿಸಿಕೊಂಡು ಬಂದಿದೆ.

ಈ ಯಂತ್ರವು ಮೊದಲು ಯಾವ ದೇಶದಲ್ಲಿ ಹುಟ್ಟಿತೆಂಬುದಕ್ಕೆ ಐಕಮತ್ಯವಿಲ್ಲ. ರೋಮಿನ ಪ್ಲಿನಿಯು ತನ್ನ ಸೃಷ್ಟಿಶಾಸ್ತ್ರದ ಮಹಾಗ್ರಂಥದಲ್ಲಿ ಸಾಮೋಸ್ ದ್ವೀಪದ ಥಿಯೊಡೋರಸನೆಂಬವನೇ ಇದನ್ನು ಕಂಡುಹಿಡಿದನೆಂದು ಬರೆದಿದ್ದಾನೆ. ಒಬ್ಬ ಶಿಲ್ಪಿಗೆ ಇಷ್ಟು ದೊಡ್ಡ ಕೀರ್ತಿಯನ್ನು ಕೊಡುವುದು ಪ್ರಾಚೀನರ ವಾಡಿಕೆ. ಕಣ್ಣಿಗೆ ಕಾಣುವ ಪ್ರಮಾಣವೆಂದರೆ ಈಜಿಪ್ಟಿನಲ್ಲಿ ಸುಮಾರು ಕ್ರಿ. ಪೂ. ೩೦೦ರ ಪೆಟೊಸಿರಿಸನೆಂಬ ಪುರೋಹಿತನ ಸಮಾಧಿಯ ಗೋಡೆಯ ಮೇಲಿನ ಉಬ್ಬುಚಿತ್ರ. ಅಲ್ಲಿ ಇಬ್ಬರು ಮನುಷ್ಯರಿದ್ದಾರೆ: ಒಬ್ಬನು ಪಟ್ಟಿಯನ್ನು ಎಳೆದು ಮರವನ್ನು ತಿರುಗಿಸುತ್ತಿರುವನು, ಇನ್ನೊಬ್ಬನು ಉಳಿಯನ್ನು ಹಿಡಿದಿರುವನು. ಕನ್ನಡ ನಾಡಿನಲ್ಲಿ ಈ ಕಲೆಯ ಹಿರಿಮೆಯು ಮರದಲ್ಲಿ ಉಳಿಯದೆ ಕಲ್ಲಿನಲ್ಲಿ ಉಳಿದಿದೆ. ೧೧೧೨ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವಾಲಯದಲ್ಲಿಯೂ, ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವಾಲಯದಲ್ಲಿಯೂ ಇರುವ ನುಣುಪಾದ ಗುಂಡುಕಂಬಗಳನ್ನು, ಅವುಗಳ ಸುತ್ತಲಿನ ಬಳೆಯಂತಹ ಸಮನಾದ ಗೆರೆಗಳನ್ನು ನೋಡಿದವರು, ಇವು ಕಲ್ಲನ್ನು ತಿರುಗಿಸಿ ಕಡೆದವುಗಳೆಂಬ ವಿದ್ವಾಂಸರ ಮತವನ್ನು ಒಪ್ಪದಿರಲಾರರು. ಗಣಿಯಿಂದ ಆಗತಾನೆ ತೆಗೆದ ಬಳಪದ ಕಲ್ಲು ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಗುಣವುಳ್ಳದ್ದರಿಂದ ಈ ಸಾಹಸವು ಸಾಧ್ಯವಾಯಿತು.

ಆದರೆ ಕಂಬವನ್ನು ಕಡೆಯುವುದು ಬೇರೆ, ಬಟ್ಟಲನ್ನು ಕಡೆಯುವುದು ಬೇರೆ. ಕಂಬಕ್ಕೆ ಹೊರಮೈ ಒಂದೇ. ಬಟ್ಟಲಿಗೆ ಒಳಮೈಯೂ ಉಂಟು. ಒಳಗನ್ನು ತೋಡುವವನು ಕಣ್ಣಿಗಿಂತಲೂ ಕೈಯನ್ನೂ ಕಿವಿಯನ್ನೂ ಹೆಚ್ಚಾಗಿ ನಂಬಬೇಕಾಗುವುದು. ಯೂರೋಪಿನಲ್ಲಿ ಈ ವಿದ್ಯೆಯು ಮಧ್ಯಯುಗದಲ್ಲಿ ಊರೂರಿಗೂ ಹಬ್ಬಿದ್ದಿತು. ಅಲ್ಲಿಯ ಕಡಸಲುಗಾರನು ಬಳಸುತ್ತಿದ್ದ ಯಂತ್ರವು ಬಹು ಸರಳವಾದುದು. ತಲೆಯ ಮೇಲೆ ಬಳುಕುವ ಒಂದು ಉದ್ದನೆಯ ಗಳು. ಅದರ ತುದಿಯಿಂದ ಇಳಿದ ಹಗ್ಗ. ಹಗ್ಗವು ಮರದ ದಿಂಡಿಗೆ ಒಂದೆರಡು ಸುತ್ತು ಸುತ್ತಿಕೊಂಡು ಕೆಳಗಿನ ಮೆಟ್ಟುಹಲಗೆಗೆ ಸೇರುವುದು. ಕಾಲಿನಿಂದ ಮೆಟ್ಟಿದರೆ ಮರವು ಕೆಲಸಗಾರನ ಕಡೆಗೆ ತಿರುಗುವುದು. ಕಾಲೆತ್ತಿದರೆ ಗಳುವು ಹಗ್ಗವನ್ನು ಮೇಲಕ್ಕೆ ಸೆಳೆದುಕೊಂಡು ಮರವನ್ನು ಹಿಂದಕ್ಕೆ ತಿರುಗಿಸುವುದು. ಮುಂದಕ್ಕೆ ತಿರುಗುವಾಗ ಮಾತ್ರವೇ ಉಳಿಯು ಕೊರೆಯುತ್ತದೆ. ಹಿಂದಿರುಗುವಾಗ ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಬೇಕು. ಹೀಗೆ ಅರ್ಧ ದುಡಿಮೆ, ಅರ್ಧ ವಿಶ್ರಾಂತಿಯ ಒಂದು ತಾಳವು ಕೆಲಸಗಾರನ ಮೈಯಲ್ಲಿ ನೆಲೆಗೊಳ್ಳುತ್ತಿದ್ದಿತು.

ಆ ಕಾಲದ ಬಡವನೂ ಶ್ರೀಮಂತನೂ ಉಣ್ಣುತ್ತಿದ್ದುದು ಇಂತಹ ಮರದ ಬಟ್ಟಲುಗಳಲ್ಲಿಯೇ. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ‘ಕಾಪರ್‌ಗೇಟ್’ ಎಂಬ ಬೀದಿಯುಂಟು. ಅದರ ಹೆಸರಿಗೂ ತಾಮ್ರಕ್ಕೂ ಸಂಬಂಧವಿಲ್ಲ. ಸ್ಕ್ಯಾಂಡಿನೇವಿಯದ ಕಡೆಯಿಂದ ಬಂದು ನೆಲಸಿದವರ ಭಾಷೆಯಲ್ಲಿ ಬಟ್ಟಲುಗಾರರ ಬೀದಿಯೆಂದು ಅದರ ಅರ್ಥ. ೧೯೭೬ರಿಂದ ೧೯೮೧ರವರೆಗೆ ಆ ಬೀದಿಯಲ್ಲಿ ಉತ್ಖನನ ನಡೆದಾಗ, ಸಾವಿರ ವರ್ಷಗಳ ಹಿಂದಿನ ಒದ್ದೆ ಮಣ್ಣಿನಲ್ಲಿ ಬಟ್ಟಲುಗಳೂ, ಬಟ್ಟಲನ್ನು ತೋಡಿದ ಮೇಲೆ ನಡುವೆ ಉಳಿದು ಮುರಿದು ಬಿಸಾಡಿದ ತಿರುಳಿನ ತುಂಡುಗಳೂ ದೊರೆತು, ಹೆಸರು ಸುಳ್ಳಲ್ಲವೆಂದು ಸಾಕ್ಷಿ ಹೇಳಿದವು. ೧೫೪೫ರಲ್ಲಿ ಮುಳುಗಿ ೧೯೮೨ರಲ್ಲಿ ಮೇಲೆತ್ತಲ್ಪಟ್ಟ ‘ಮೇರಿ ರೋಸ್’ ಎಂಬ ಯುದ್ಧನೌಕೆಯಲ್ಲಿಯೂ ನಾವಿಕರ ಮರದ ಬಟ್ಟಲುಗಳೂ ತಟ್ಟೆಗಳೂ ಸಿಕ್ಕಿವೆ. ಅವುಗಳಲ್ಲಿ ಕೆಲವಕ್ಕೆ ಒಡೆಯರು ಚೂರಿಯಿಂದ ಗೀರಿಕೊಂಡ ಗುರುತುಗಳಿವೆ. ಅಕ್ಷರವನ್ನರಿಯದ ನಾವಿಕನೂ ತನ್ನ ಬಟ್ಟಲನ್ನು ತನ್ನದೆಂದು ತಿಳಿಯಲು ಮಾಡಿಕೊಂಡ ಉಪಾಯವಿದು. ಲಂಡನ್ನಿನ ಕಡಸಲುಗಾರರ ಸಂಘಕ್ಕೆ ೧೬೦೪ರಲ್ಲಿ ಒಂದನೆಯ ಜೇಮ್ಸ್ ದೊರೆಯು ಸನ್ನದನ್ನು ಕೊಟ್ಟನು. ಕಸುಬು ಆಗ ಅಷ್ಟು ಗೌರವದಲ್ಲಿದ್ದಿತು.

ಆದರೆ ಸನ್ನದು ದೊರೆತುದರಿಂದ ಕಸುಬಿಗೆ ಚಿರಾಯುಸ್ಸು ದೊರೆಯಲಿಲ್ಲ. ಮುಂದಿನ ಎರಡು ಶತಮಾನಗಳಲ್ಲಿ ತವರ ಬೆರೆತ ಲೋಹದ ತಟ್ಟೆಗಳೂ, ಅವುಗಳ ಹಿಂದೆಯೇ ಕಾರ್ಖಾನೆಯಲ್ಲಿ ಅಚ್ಚೊತ್ತಿದ ಅಗ್ಗದ ಪಿಂಗಾಣಿಯೂ ಊಟದ ಮೇಜನ್ನು ಆಕ್ರಮಿಸಿದವು. ಮರದ ಬಟ್ಟಲು ಮೊದಲು ಸಿರಿವಂತರ ಮನೆಯಿಂದಲೂ, ಆಮೇಲೆ ಮಧ್ಯಮವರ್ಗದವರ ಮನೆಯಿಂದಲೂ ಹೊರಬಿದ್ದು, ಹಾಲು ಕರೆಯುವ ಕೊಟ್ಟಿಗೆಯಲ್ಲಿಯೂ ಬೆಣ್ಣೆ ತೆಗೆಯುವ ಕೋಣೆಯಲ್ಲಿಯೂ ಆಶ್ರಯ ಪಡೆಯಿತು.

ಕಸುಬುಗಾರನ ಕಡಸಲು ಹೀಗೆ ಹಿಂಜರಿಯುತ್ತಿದ್ದ ಕಾಲದಲ್ಲಿಯೇ ಅದೇ ಯಂತ್ರವು ಇನ್ನೊಂದು ಬಾಗಿಲಿನಿಂದ ಅರಮನೆಯನ್ನು ಹೊಕ್ಕಿತೆಂಬುದು ಇತಿಹಾಸದ ವಿನೋದಗಳಲ್ಲಿ ಒಂದು. ಸ್ಯಾಕ್ಸನಿಯನ್ನು ೧೫೫೩ರಿಂದ ೧೫೮೬ರವರೆಗೆ ಆಳಿದ ಆಗಸ್ಟಸನು ರಾಜ್ಯಭಾರದ ಬಿಡುವಿನಲ್ಲಿ ತಾನೇ ಕುಳಿತು ದಂತವನ್ನು ಕಡೆಯುತ್ತಿದ್ದನು. ಅವನ ಆಸ್ಥಾನದಲ್ಲಿ ಕಡೆದ ದಂತದ ಬಟ್ಟಲುಗಳೂ ಗೋಪುರಗಳೂ ಡ್ರೆಸ್ಡನ್ನಿನ ಭಂಡಾರದಲ್ಲಿ ಉಳಿದಿವೆ. ರಷ್ಯದ ಮಹಾಪೀಟರನಿಗೆ ಕಡಸಲಿನ ಮೇಲಿದ್ದ ಪ್ರೀತಿಯು ಲೋಕಪ್ರಸಿದ್ಧವಾದುದು. ತನ್ನ ಅರಮನೆಯಲ್ಲಿ ಅದಕ್ಕಾಗಿಯೇ ಕೋಣೆಯನ್ನು ಕಟ್ಟಿಸಿ, ಆಂಡ್ರೇ ನಾರ್ತೊವನೆಂಬ ಶಿಲ್ಪಿಯನ್ನು ಅದರ ಮೇಲ್ವಿಚಾರಣೆಗೆ ನಿಯಮಿಸಿದ್ದನು. ಸಾಮಂತರನ್ನು ನಡುಗಿಸಿದ ದೊರೆಯು ಅಲ್ಲಿ ಮೈಮೇಲೆ ಹತ್ತರಿಯ ಸಿಪ್ಪೆಯನ್ನು ಉದುರಿಸಿಕೊಂಡು ನಿಂತಿರುತ್ತಿದ್ದನು. ಅಂದಿನ ಪಂಡಿತರ ಕಣ್ಣಿಗೆ ಗ್ರಹಗಳ ಗತಿಯೂ ಗಡಿಯಾರದ ಗತಿಯೂ ಕಡಸಲಿನ ಗತಿಯೂ ಒಂದೇ ಗಣಿತದ ನಿಯಮಕ್ಕೆ ಒಳಗಾದವುಗಳಾಗಿದ್ದುದರಿಂದ, ಕಡೆಯುವುದು ರಾಜಕುಮಾರರಿಗೆ ತಕ್ಕ ವಿದ್ಯಾಭ್ಯಾಸವೆಂದೂ ಎಣಿಸಲ್ಪಟ್ಟಿತು.

ಈ ಹವ್ಯಾಸಕ್ಕೆ ಶಾಸ್ತ್ರಗ್ರಂಥವನ್ನು ಕೊಟ್ಟವನು ಒಬ್ಬ ಸಂನ್ಯಾಸಿ. ಫ್ರಾನ್ಸಿನ ಷಾರ್ಲ್ ಪ್ಲೂಮಿಯೆ (೧೬೪೬–೧೭೦೪) ಎಂಬ ಪಾದ್ರಿಯು ೧೭೦೧ರಲ್ಲಿ ಲಿಯೋನ್ ನಗರದಲ್ಲಿ ಕಡಸಲಿನ ಕಲೆಯನ್ನು ಕುರಿತ ಗ್ರಂಥವೊಂದನ್ನು ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳೆರಡರಲ್ಲಿಯೂ ಪ್ರಕಟಿಸಿದನು. ಬರಿಯ ಕಡೆಯುವಿಕೆಗೇ ಮೀಸಲಾದ ಮೊದಲ ದೊಡ್ಡ ಗ್ರಂಥವದು. ಅವನ ಇನ್ನೊಂದು ವಿದ್ಯೆ ಸಸ್ಯಶಾಸ್ತ್ರ. ಅಮೆರಿಕದ ದ್ವೀಪಗಳಲ್ಲಿ ಅಲೆದು ಗಿಡಗಳನ್ನು ಬರೆದಿಟ್ಟವನು ಅವನೇ. ಕನ್ನಡ ನಾಡಿನ ಗುಡಿಗಳ ಅಂಗಳದಲ್ಲಿ ಹೂವನ್ನುದುರಿಸುವ ದೇವಕಣಗಿಲೆಯ ಮರವು ಮೂಲತಃ ಆ ಕಡೆಯದು. ಅದಕ್ಕೆ ಶಾಸ್ತ್ರಜ್ಞರು ಇಟ್ಟಿರುವ ‘ಪ್ಲುಮೇರಿಯ’ ಎಂಬ ಹೆಸರು ಈ ಕಡಸಲುಗಾರ ಸಂನ್ಯಾಸಿಯ ಸ್ಮಾರಕ. ಕಡಸಲಿನ ಹೆಸರನ್ನೇ ಕೇಳದವರೂ ಅವನ ಹೆಸರಿನ ಹೂವನ್ನು ದೇವರಿಗೆ ಏರಿಸುತ್ತಿದ್ದಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹವ್ಯಾಸದ ರಾಜಧಾನಿ ಲಂಡನ್ ಆಯಿತು. ಸ್ಟ್ರಾಸ್‌ಬೂರ್ಗಿನಿಂದ ಬಂದ ಜಾನ್ ಜೇಕಬ್ ಹೋಲ್ಟ್ಸಾಫೆಲ್ ಎಂಬವನು ೧೭೯೦ರ ದಶಕದಲ್ಲಿ ಅಲ್ಲಿ ಕಡಸಲಿನ ಕಾರ್ಖಾನೆಯನ್ನು ಹೂಡಿದನು. ಅವನ ಮಗನಾದ ಚಾರ್ಲ್ಸನು ೧೮೪೩ರಲ್ಲಿ ಆರಂಭಿಸಿದ ಮಹಾಗ್ರಂಥವು ಮೊಮ್ಮಗನ ಕಾಲಕ್ಕೆ ಐದು ಸಂಪುಟಗಳಾಗಿ ಬೆಳೆಯಿತು. ಈ ಮನೆತನದ ಯಂತ್ರಗಳನ್ನು ಕೊಳ್ಳುತ್ತಿದ್ದವರು ಜಹಗೀರುದಾರರು, ಪಾದ್ರಿಗಳು, ಸೇನಾಧಿಕಾರಿಗಳು. ಅವರು ಕಡೆಯುತ್ತಿದ್ದುದು ಉಣ್ಣುವ ಬಟ್ಟಲನ್ನಲ್ಲ. ಕರಿಮರದಲ್ಲಿಯೂ ದಂತದಲ್ಲಿಯೂ ನೂರಾರು ಸುತ್ತುಗೆರೆಗಳನ್ನು ಹೆಣೆದ ಭರಣಿಗಳನ್ನು, ಮುಟ್ಟಿದರೆ ಮುರಿಯುವ ಶಿಖರಗಳನ್ನು. ಅಲ್ಲಿ ಉಳಿಯನ್ನು ನಡೆಸುವುದು ಕೈಯಲ್ಲ, ಹಲ್ಲುಚಕ್ರಗಳ ಲೆಕ್ಕ. ಯಂತ್ರವೇ ಒಂದು ಐಶ್ವರ್ಯವಾಗಿದ್ದುದರಿಂದ ಬಡವನಿಗೆ ಆ ಬಾಗಿಲು ತೆರೆದಿರಲಿಲ್ಲ. ಮೊದಲನೆಯ ಮಹಾಯುದ್ಧದ ಹೊಡೆತಕ್ಕೆ ಆ ಸಿರಿವಂತಿಕೆಯೂ ಬಿಡುವೂ ಕರಗಿದಾಗ ಆ ಕಲೆಯೂ ಕುಗ್ಗಿತು. ೧೯೪೮ರಲ್ಲಿ ಅಳಿದುಳಿದ ಆಸಕ್ತರು ಕೂಡಿ ಅಲಂಕಾರ ಕಡಸಲಿನ ಸಂಘವೊಂದನ್ನು ಸ್ಥಾಪಿಸಿ ಅದರ ದೀಪವು ಆರದಂತೆ ನೋಡಿಕೊಂಡರು.

ಹೀಗೆ ಒಂದು ವಿದ್ಯೆಯು ಎರಡು ಹೊಳೆಗಳಾಗಿ ಹರಿಯಿತು. ಒಂದರಲ್ಲಿ ಅನ್ನವಿದ್ದಿತು, ಬಿಡುವಿರಲಿಲ್ಲ. ಇನ್ನೊಂದರಲ್ಲಿ ಬಿಡುವಿದ್ದಿತು, ಅನ್ನದ ಚಿಂತೆಯಿರಲಿಲ್ಲ. ಎರಡೂ ಒಂದನ್ನೊಂದು ಅರಿಯದೆ ಹರಿದವು. ಅನ್ನದ ಹೊಳೆಯು ಬತ್ತಿದ ಸ್ಥಳವನ್ನೂ ವರ್ಷವನ್ನೂ ಇಂಗ್ಲೆಂಡಿನಲ್ಲಿ ಬೆರಳಿಟ್ಟು ತೋರಿಸಬಹುದು. ಬರ್ಕ್‌ಷೈರಿನ ಬಕಲ್‌ಬರಿ ಎಂಬ ಹಳ್ಳಿಯ ಹುಲ್ಲುಗಾವಲಿನ ಅಂಚಿನಲ್ಲಿ ಜಾರ್ಜ್ ಲೇಲಿ ಎಂಬ ಬಟ್ಟಲುಗಾರನಿದ್ದನು. ೧೮೬೯ರಲ್ಲಿ ಹುಟ್ಟಿದ ಅವನು ತಂದೆ ತಾತಂದಿರ ಗುಡಿಸಲಿನಲ್ಲಿ, ಬಳುಕುವ ಗಳುವಿನ ಅದೇ ಹಳೆಯ ಕಡಸಲಿನ ಮೇಲೆ, ಎಲ್ಮ್ ಮರದ ಬಟ್ಟಲುಗಳನ್ನೂ ತಟ್ಟೆಗಳನ್ನೂ ಕಡೆಯುತ್ತಿದ್ದನು. ಒಂದೇ ಕೊರಡಿನಿಂದ ಒಂದರೊಳಗೊಂದು ಅಡಗಿದ ಮೂರು ನಾಲ್ಕು ಬಟ್ಟಲುಗಳನ್ನು ಬಿಡಿಸುವುದು ಅವನ ಕೈಚಳಕ. ಕೊಕ್ಕೆಯಂತೆ ಬಾಗಿದ ಉದ್ದನೆಯ ಉಳಿಯನ್ನು ಮರದ ಗರ್ಭಕ್ಕೆ ಇಳಿಸಿ, ಕಾಣದ ಕಡೆಯಲ್ಲಿ ಅದನ್ನು ತಿರುವಿ, ಹಲಸಿನ ತೊಳೆಯನ್ನು ಬಿಡಿಸಿದಂತೆ ಬಟ್ಟಲಿನಿಂದ ಬಟ್ಟಲನ್ನು ಬೇರ್ಪಡಿಸುತ್ತಿದ್ದನು. ಎಚ್. ವಿ. ಮಾರ್ಟನ್ ಎಂಬ ಪ್ರವಾಸಲೇಖಕನು ೧೯೨೭ರ ತನ್ನ ಗ್ರಂಥದಲ್ಲಿ ಅವನನ್ನು ವರ್ಣಿಸಿದ ಮೇಲೆ ನೋಡಲು ಬರುವವರು ಹೆಚ್ಚಿದರು. ಕಲಿಯಲು ಬರುವವರು ಹೆಚ್ಚಲಿಲ್ಲ. ೧೯೫೮ರಲ್ಲಿ ಲೇಲಿಯು ತೀರಿಕೊಂಡನು. ಅವನ ಹಿಂದೆ ಆ ಕಸುಬನ್ನು ಮುಂದುವರಿಸುವ ಶಿಷ್ಯನೊಬ್ಬನೂ ಇರಲಿಲ್ಲ. ಕಡಸಲೂ ಉಳಿಗಳೂ ರೆಡಿಂಗ್ ವಿಶ್ವವಿದ್ಯಾನಿಲಯದ ಗ್ರಾಮಜೀವನ ವಸ್ತುಸಂಗ್ರಹಾಲಯವನ್ನು ಸೇರಿದವು.

ವಸ್ತುಸಂಗ್ರಹಾಲಯವು ಉಳಿಯನ್ನು ಕಾಪಾಡಬಲ್ಲುದು. ಉಳಿಯನ್ನು ಹಿಡಿದ ಕೈಯನ್ನು ಕಾಪಾಡಲಾರದು. ಅಲಗನ್ನು ಯಾವ ಕೋನದಲ್ಲಿ ಮಸೆಯಬೇಕು, ಮರದೊಳಗೆ ಅದು ಕಚ್ಚಿಕೊಳ್ಳುವ ಮುನ್ನ ಯಾವ ಸದ್ದು ಕೇಳುವುದು, ಕಾಲಿನ ಒತ್ತು ಎಲ್ಲಿ ಹಗುರಾಗಬೇಕು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆಯುವ ಅವಶ್ಯಕತೆಯೂ ಇರಲಿಲ್ಲ. ತಂದೆಯ ಪಕ್ಕದಲ್ಲಿ ನಿಂತ ಮಗನು ನೋಡಿಯೇ ಕಲಿಯುತ್ತಿದ್ದನು. ಆ ಮಗನು ನಿಲ್ಲದೆ ಹೋದಾಗ ಸಾವಿರ ವರ್ಷಗಳ ಅರಿವು ಒಂದು ಮುಂಜಾನೆಯಲ್ಲಿ ಮೂಕವಾಯಿತು.

ಇಷ್ಟರಲ್ಲಿ ಸಮುದ್ರದಾಚೆ ಮೂರನೆಯ ಹೊಳೆಯೊಂದು ಹುಟ್ಟಿದ್ದಿತು. ಮನೆಮನೆಗೆ ವಿದ್ಯುಚ್ಛಕ್ತಿ ಬಂದ ಮೇಲೆ ಅಮೆರಿಕದಲ್ಲಿ ೧೯೩೦ರ ದಶಕದಲ್ಲಿ ಚಿಕ್ಕ ಮೋಟಾರಿನ ಕಡಸಲುಗಳು ಸಾಮಾನ್ಯ ಗೃಹಸ್ಥನ ಕೈಗೂ ಎಟುಕಿದವು. ಗಣಿತದ ಉಪಾಧ್ಯಾಯನಾಗಿದ್ದ ಜೇಮ್ಸ್ ಪ್ರೆಸ್ಟಿನಿಯು ಕಾಗದದಂತೆ ತೆಳುವಾದ ಬಟ್ಟಲುಗಳನ್ನು ಕಡೆದು, ಮರಕ್ಕೆ ಗಾಜಿನ ಲಾಘವವು ಬರಬಹುದೆಂದು ತೋರಿಸಿದನು. ಬಾಬ್ ಸ್ಟಾಕ್ಸ್‌ಡೇಲ್ (೧೯೧೩–೨೦೦೩) ಎಂಬವನ ಕಥೆ ಇನ್ನೂ ಮನನೀಯವಾದುದು. ಎರಡನೆಯ ಮಹಾಯುದ್ಧದಲ್ಲಿ, ಕೊಲ್ಲುವುದು ತನ್ನ ಅಂತಃಸಾಕ್ಷಿಗೆ ವಿರುದ್ಧವೆಂದು ಆಯುಧ ಹಿಡಿಯಲೊಪ್ಪದ ಅವನನ್ನು ಸರ್ಕಾರವು ಅಂತಹವರಿಗಾಗಿ ಏರ್ಪಡಿಸಿದ್ದ ದುಡಿಮೆಯ ಶಿಬಿರಕ್ಕೆ ಕಳುಹಿಸಿತು. ಬಟ್ಟಲನ್ನು ಕಡೆಯಲು ಅವನು ಆರಂಭಿಸಿದ್ದು ಆ ಶಿಬಿರದಲ್ಲಿ. ಲೋಕವೆಲ್ಲ ಉಕ್ಕನ್ನು ಕೊಲ್ಲುವುದಕ್ಕಾಗಿ ಮಸೆಯುತ್ತಿದ್ದಾಗ ಅವನು ಅನ್ನವಿಡುವ ಪಾತ್ರೆಗಾಗಿ ಮಸೆದನು. ಯುದ್ಧಾನಂತರ ಅದೇ ಅವನ ಜೀವನೋಪಾಯವಾಯಿತು. ಅವನ ಬಟ್ಟಲುಗಳು ಊಟದ ಮೇಜಿನಿಂದ ಕಲಾಶಾಲೆಗಳಿಗೂ ಏರಿದವು.

ಈ ಹವ್ಯಾಸದ ಆಕರ್ಷಣೆಯನ್ನು ತಿಳಿಯಬೇಕಾದರೆ ಅದರ ಕಷ್ಟವನ್ನು ತಿಳಿಯಬೇಕು. ಬಟ್ಟಲಿಗಾಗಿ ಕೊಯ್ದ ಮರದಲ್ಲಿ ನಾರು ಅಡ್ಡಲಾಗಿ ಓಡುವುದರಿಂದ, ಒಂದು ಸುತ್ತಿನಲ್ಲಿ ಉಳಿಗೆ ಎರಡು ಸಲ ನಾರಿನ ಮೈಯೂ ಎರಡು ಸಲ ನಾರಿನ ತುದಿಯೂ ಎದುರಾಗುತ್ತವೆ. ಹೊರಮೈಯನ್ನು ತಳದಿಂದ ಅಂಚಿನ ಕಡೆಗೂ, ಒಳಮೈಯನ್ನು ಅಂಚಿನಿಂದ ನಡುವಿನ ಕಡೆಗೂ ಕೊರೆದರೆ ಮಾತ್ರ ನಾರಿಗೆ ಆಸರೆ ದೊರೆತು ಮೈ ನುಣುಪಾಗುವುದು. ಎದುರಾಗಿ ಕೊರೆದರೆ ಕಿತ್ತುಬರುವುದು. ಮರವು ಹಸಿಯಾಗಿದ್ದರೆ ಬೆಣ್ಣೆಯಂತೆ ಕೊರೆಯುತ್ತದೆ, ಆದರೆ ಒಣಗುವಾಗ ಸೊಟ್ಟಗಾಗುತ್ತದೆ. ಒಣಗಿದ್ದರೆ ಸೊಟ್ಟಗಾಗದು, ಆದರೆ ಉಳಿಗೆ ಕಲ್ಲಾಗುತ್ತದೆ. ಆದುದರಿಂದ ಬಲ್ಲವರು ಹಸಿಯ ಮರವನ್ನು ದಪ್ಪನಾಗಿ ಒಮ್ಮೆ ಕಡೆದು, ಹಲವು ತಿಂಗಳು ನೆರಳಿನಲ್ಲಿ ಒಣಗಲು ಬಿಟ್ಟು, ಅದು ತನ್ನ ಇಷ್ಟದಂತೆ ಬಾಗಿ ನಿಂತ ಮೇಲೆ ಮತ್ತೆ ಕಡಸಲಿಗೇರಿಸಿ ಮುಗಿಸುವರು. ಕಾಯಲಾರದವನಿಗೆ ಈ ವಿದ್ಯೆಯಿಲ್ಲ. ಲಂಡನ್ನಿನ ರಾಯಲ್ ಕಲಾವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದ, ತಾನೂ ಬಟ್ಟಲು ಕಡೆಯುತ್ತಿದ್ದ ಡೇವಿಡ್ ಪೈ ಎಂಬವನು ೧೯೬೮ರ ತನ್ನ ಗ್ರಂಥದಲ್ಲಿ ಕೆಲಸಗಾರಿಕೆಯನ್ನು ಎರಡು ಬಗೆಯಾಗಿ ವಿಂಗಡಿಸಿದನು: ಫಲವು ಮೊದಲೇ ನಿಶ್ಚಿತವಾದುದು ಒಂದು, ಕೊನೆಯ ಗಳಿಗೆಯವರೆಗೂ ಕೆಡಬಹುದಾದುದು ಇನ್ನೊಂದು. ಕಾರ್ಖಾನೆಯ ತಟ್ಟೆ ಮೊದಲನೆಯ ವರ್ಗದ್ದು. ಕೈಯಿಂದ ಕಡೆದ ಬಟ್ಟಲು ಎರಡನೆಯದು; ತೆಳುವಾದಷ್ಟೂ ಚೆಲುವು, ಚೆಲುವಾದಷ್ಟೂ ಅಪಾಯ. ಆ ಅಂಜಿಕೆಯಲ್ಲಿಯೇ ಕೆಲಸಗಾರನ ಮನಸ್ಸು ಏಕಾಗ್ರವಾಗುತ್ತದೆ.

ಲೇಲಿಯ ಕಥೆಯು ಅವನ ಸಾವಿನಿಂದ ಮುಗಿಯಲಿಲ್ಲ. ಅವನು ತೀರಿಕೊಂಡ ಮೂರು ನಾಲ್ಕು ದಶಕಗಳಾದ ಮೇಲೆ ರಾಬಿನ್ ವುಡ್ ಎಂಬವರು ರೆಡಿಂಗಿನಲ್ಲಿದ್ದ ಅವನ ಕಡಸಲನ್ನೂ ಕೊಕ್ಕೆಯುಳಿಗಳನ್ನೂ ಪರೀಕ್ಷಿಸಿ, ಅಂತಹವನ್ನೇ ತಾವು ಕುಲುಮೆಯಲ್ಲಿ ಕಾಸಿ ಬಡಿದು ಮಾಡಿಕೊಂಡು, ಗುರುವಿಲ್ಲದೆ ಆ ವಿದ್ಯೆಯನ್ನು ಮತ್ತೆ ಕೈಗೆ ತಂದುಕೊಂಡರು. ಏಕಲವ್ಯನಿಗೆ ಮಣ್ಣಿನ ದ್ರೋಣನಿದ್ದಂತೆ ಅವರಿಗೆ ಮ್ಯೂಸಿಯಮ್ಮಿನ ಉಳಿಯೇ ಗುರುವಾಯಿತು. ೨೦೦೫ರಲ್ಲಿ ಅವರು ಮರದ ಬಟ್ಟಲಿನ ಚರಿತ್ರೆಯನ್ನು ಗ್ರಂಥರೂಪದಲ್ಲಿ ಬರೆದು, ಮುಂದೆ ಇನ್ನೊಮ್ಮೆ ಬರೆಯದೆ ಹೋದೀತೆಂಬ ಭಯವನ್ನು ಕಳೆದರು. ಇದಕ್ಕೆ ಮುಂಚೆಯೇ ೧೯೮೬ರಲ್ಲಿ ಅಮೆರಿಕದಲ್ಲಿಯೂ ೧೯೮೭ರಲ್ಲಿ ಬ್ರಿಟನ್ನಿನಲ್ಲಿಯೂ ಕಡಸಲುಗಾರರ ಸಂಘಗಳು ಸ್ಥಾಪಿತವಾಗಿದ್ದವು. ಗಳುವಿನ ಕಡಸಲಿನವರು ೧೯೯೦ರಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಹಳೆಯ ಸಂಘಗಳು ಕಸುಬಿನ ಗುಟ್ಟನ್ನು ಹೊರಗಿನವರಿಂದ ಕಾಯುತ್ತಿದ್ದವು. ಹೊಸ ಸಂಘಗಳ ವ್ರತವೆಂದರೆ ಗುಟ್ಟನ್ನು ಬಂದವರಿಗೆಲ್ಲ ಹಂಚುವುದು. ಹೊಟ್ಟೆಪಾಡಿನ ಸ್ಪರ್ಧೆಯಿಲ್ಲದವರಿಗೆ ಈ ಔದಾರ್ಯವು ಸುಲಭವೆಂಬುದು ನಿಜ. ಆದರೆ ವಿದ್ಯೆಯ ಆಯುಸ್ಸಿನ ದೃಷ್ಟಿಯಿಂದ ಅದೊಂದು ದೊಡ್ಡ ಉಪಕಾರ.

ಕನ್ನಡ ನಾಡಿನ ಸ್ಥಿತಿ ಬೇರೆ ತೆರನಾದುದು. ಇಲ್ಲಿ ಕಡಸಲು ಹವ್ಯಾಸವಾಗಿ ಬೆಳೆಯಲಿಲ್ಲ. ಚನ್ನಪಟ್ಟಣದಲ್ಲಿ ಅದು ಅನ್ನವಾಗಿ ಉಳಿದಿದೆ. ಅಲ್ಲಿಯವರು ಬಿಳುಪಾಗಿ ನವುರಾದ ಹಾಲೆಮರವನ್ನು ಕಡಸಲಿಗೆ ಕಟ್ಟಿ ಕಡೆದು, ಅದಿನ್ನೂ ತಿರುಗುತ್ತಿರುವಾಗಲೇ ಬಣ್ಣಗೂಡಿಸಿದ ಅರಗಿನ ಕಡ್ಡಿಯನ್ನು ಒತ್ತುವರು. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುವುದು. ಆಮೇಲೆ ತಾಳೆಗರಿಯನ್ನು ಒತ್ತಿಹಿಡಿದರೆ ಬಣ್ಣವು ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುವುದು. ಬೆಂಕಿಯಿಲ್ಲದೆ, ಕುಂಚವಿಲ್ಲದೆ, ತಿರುಗುವಿಕೆಯೊಂದರಿಂದಲೇ ರೂಪವನ್ನೂ ಬಣ್ಣವನ್ನೂ ಕೊಡುವ ಈ ಜಾಣ್ಮೆಗೆ ಯೂರೋಪಿನ ಅರಮನೆಗಳ ಹಲ್ಲುಚಕ್ರಗಳು ಸಮನಾಗಲಾರವು. ಮಕ್ಕಳ ಆಟಿಕೆಗಳು, ಬಟ್ಟಲುಗಳು, ಕುಂಕುಮದ ಭರಣಿಗಳು ಇಲ್ಲಿಂದ ದೇಶದೇಶಗಳಿಗೆ ಹೋಗಿವೆ. ಹೆಸರಿನ ರಕ್ಷಣೆಗಾಗಿ ಭೌಗೋಳಿಕ ಸೂಚನೆಯ ಕಾನೂನಿನ ಮುದ್ರೆಯೂ ಇವಕ್ಕೆ ದೊರೆತಿದೆ. ಆದರೂ ಪ್ಲಾಸ್ಟಿಕ್ ಆಟಿಕೆಯ ಬೆಲೆಯೊಡನೆ ಕೈಯ ಕೆಲಸದ ಬೆಲೆಯು ಸೆಣಸಬೇಕಾಗಿದೆ. ಯಾರ್ಕಿನ ಬಟ್ಟಲುಗಾರನನ್ನು ಪಿಂಗಾಣಿಯು ಕೇಳಿದ ಪ್ರಶ್ನೆಯನ್ನೇ ಚನ್ನಪಟ್ಟಣದವನನ್ನು ಪ್ಲಾಸ್ಟಿಕ್ಕು ಕೇಳುತ್ತಿದೆ.

ಈ ಚರಿತ್ರೆಯಿಂದ ತಿಳಿಯುವುದೇನೆಂದರೆ, ಅವಶ್ಯಕತೆಯು ಹುಟ್ಟಿಸಿದ ವಿದ್ಯೆಯನ್ನು ಅವಶ್ಯಕತೆಯೊಂದೇ ಕೊನೆಯವರೆಗೂ ಸಾಕಲಾರದು. ಅನ್ನವು ಕೈಬಿಟ್ಟಾಗ ಪ್ರೀತಿಯು ಕೈಹಿಡಿಯಬೇಕು. ಹಾಗೆಂದು ಹವ್ಯಾಸವು ಕಸುಬಿನ ಸ್ಥಾನವನ್ನು ತುಂಬಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಬಿಡುವಿನ ವೇಳೆಯಲ್ಲಿ ಹತ್ತು ಬಟ್ಟಲು ಕಡೆದವನ ಕೈಗೆ, ಹೊಟ್ಟೆಗಾಗಿ ಹತ್ತು ಸಾವಿರ ಕಡೆದವನ ಕೈಯ ಸಲೀಸು ಬಾರದು. ಹತ್ತು ಸಾವಿರ ಕಡೆದವನಿಗೂ ನಿಂತು ಬಟ್ಟಲಿನ ಚೆಲುವನ್ನು ನೋಡುವ ಬಿಡುವು ದೊರೆಯುತ್ತಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಸಾಲಗಾರರು. ಲೇಲಿಯ ಬದುಕಿನ ಕಾಲದಲ್ಲಿಯೇ ಒಬ್ಬ ಹವ್ಯಾಸಿಯು ಅವನ ಗುಡಿಸಲಿನಲ್ಲಿ ಒಂದು ಚಳಿಗಾಲವನ್ನು ಕಳೆದಿದ್ದರೆ, ಕಬ್ಬಿಣದ ತುಂಡುಗಳನ್ನು ನೋಡಿ ಅವನ ಅರಿವನ್ನು ಊಹಿಸಬೇಕಾದ ಪ್ರಸಂಗವು ಮುಂದಿನವರಿಗೆ ಬರುತ್ತಿರಲಿಲ್ಲ. ಚನ್ನಪಟ್ಟಣದಲ್ಲಿ ಆ ಚಳಿಗಾಲವು ಇನ್ನೂ ಕಳೆದುಹೋಗಿಲ್ಲ. ಅಲ್ಲಿ ಗುರುಗಳಿದ್ದಾರೆ, ಕಡಸಲು ತಿರುಗುತ್ತಿದೆ, ಅರಗು ಕರಗುತ್ತಿದೆ. ಪಕ್ಕದಲ್ಲಿ ನಿಂತು ನೋಡುವವರು ಬೇಕಾಗಿದ್ದಾರೆ.